ಕಾಫಿ ಬಿದ್ದ ಕೀಬೋರ್ಡಿಗೆ ಶೇ 99ರ ಐಸೊಪ್ರೊಪೈಲ್ ಆಲ್ಕೊಹಾಲ್: ಎಲ್ಲಿ ಕೆಲಸಕ್ಕೆ ಬರುತ್ತದೆ, ಎಲ್ಲಿ ಬರುವುದಿಲ್ಲ

ಕೀಬೋರ್ಡಿನ ಮೇಲೆ ಕಾಫಿ, ಚಹಾ, ಜ್ಯೂಸ್ ಏನೇ ಚೆಲ್ಲಲಿ, ಸಿಗುವ ಸಲಹೆ ಒಂದೇ: ಐಸೊಪ್ರೊಪೈಲ್ ಆಲ್ಕೊಹಾಲ್ ತಂದು ತೊಳೆಯಿರಿ. ರಿಪೇರಿ ಅಂಗಡಿಗಳಲ್ಲಿ ಇದನ್ನು ಐಪಿಎ ಎನ್ನುತ್ತಾರೆ. ಈ ಸಲಹೆ ಅರ್ಧಕ್ಕೇ ನಿಂತುಬಿಡುತ್ತದೆ. ಐಪಿಎಯಲ್ಲಿ ಸಕ್ಕರೆ ಕರಗುವುದಿಲ್ಲ. ಸಂಶಯವಿದ್ದವರು ಗಾಜಿನ ಲೋಟಕ್ಕೆ 50 ಮಿಲಿ ಐಪಿಎ ಹಾಕಿ ಒಂದು ಚಮಚ ಸಕ್ಕರೆ ಕಲಕಿ ನೋಡಬಹುದು. ಹರಳುಗಳು ತಳದಲ್ಲಿ ಹಾಗೇ ಕೂತಿರುತ್ತವೆ. 100 ಮಿಲಿ ನೀರಾದರೋ ಸಾಮಾನ್ಯ ಉಷ್ಣತೆಯಲ್ಲೇ ಸುಮಾರು 200 ಗ್ರಾಂ ಸಕ್ಕರೆಯನ್ನು ಕರಗಿಸಿಕೊಳ್ಳುತ್ತದೆ. ಇನ್ನೂ ಒಂದು ತೊಂದರೆಯಿದೆ. ಸಕ್ಕರೆ ನೀರಿಗೆ ಐಪಿಎ ಬೆರೆತರೆ ಕರಗಿದ್ದ ಸಕ್ಕರೆ ಮತ್ತೆ ಬೇರ್ಪಟ್ಟು ಗಟ್ಟಿಯಾಗುತ್ತದೆ. ಸಿಹಿ ಕಾಫಿ ಬಿದ್ದ ಕೀಬೋರ್ಡಿಗೆ ನೇರವಾಗಿ ಐಪಿಎ ಸುರಿದರೆ ಅಂಟನ್ನು ಕೀಗಳ ಕೆಳಗಿನ ಸ್ವಿಚ್ಚಿನೊಳಗೇ ಕೂರಿಸಿದಂತಾಗುತ್ತದೆ.

ಆದ್ದರಿಂದ ಈ ವಿಮರ್ಶೆಯ ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಶೇ 99ರ ಐಪಿಎ ಬಹಳ ಒಳ್ಳೆಯ ಸರಕು, ಆದರೆ ಅದರ ಸರದಿ ಎರಡನೆಯದು. ಕೊಳೆ ಕರಗಿಸುವುದು ಲವಣಗಳಿಲ್ಲದ ಡಿಸ್ಟಿಲ್ಡ್ ವಾಟರ್‌ನ ಕೆಲಸ, ಆ ನೀರನ್ನು ಹೊರಗೆ ಹಾಕುವುದು ಐಪಿಎಯ ಕೆಲಸ. ಎರಡೂ ಬಾಟಲಿಗಳನ್ನು ಜೊತೆಯಲ್ಲೇ ಕೊಳ್ಳಿ.

ಬಾಟಲಿಯೊಳಗೆ ಏನಿದೆ

ನೀರಿನ ಮೇಲ್ಮೈ ಸೆಳೆತ ಹೆಚ್ಚು. ಸಣ್ಣ ಸಂದುಗಳಲ್ಲಿ, ಸರ್ಕ್ಯೂಟಿನ ಚಿಪ್‌ಗಳ ಅಡಿಯಲ್ಲಿ ಹನಿಗಟ್ಟಿ ಕೂತುಬಿಟ್ಟರೆ ಅಲ್ಲಿಂದ ಕದಲುವುದಿಲ್ಲ. ಐಪಿಎಯ ಸೆಳೆತ ನೀರಿನದರ ಮೂರನೇ ಒಂದರಷ್ಟೂ ಇಲ್ಲ, ಆದ್ದರಿಂದ ಅಂಥ ಸಂದುಗಳಿಗೆ ಸಲೀಸಾಗಿ ನುಗ್ಗುತ್ತದೆ. ನೀರಿನೊಂದಿಗೆ ಯಾವ ಪ್ರಮಾಣದಲ್ಲಾದರೂ ಬೆರೆಯುತ್ತದೆ, ಬೆರೆತ ಮೇಲೆ ಬಸಿದುಹೋಗುತ್ತದೆ, ಉಳಿದದ್ದು ಬೇಗ ಆರುತ್ತದೆ. ಕುದಿಬಿಂದು 82 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು. ಎಣ್ಣೆ, ಬೆವರಿನ ಜಿಡ್ಡು, ಸ್ಟಿಕ್ಕರಿನ ಅಂಟು ಇದಕ್ಕೆ ಬಗ್ಗುತ್ತವೆ. ಸಕ್ಕರೆ, ಉಪ್ಪು, ಹಾಲಿನ ಪ್ರೋಟೀನು ಬಗ್ಗುವುದಿಲ್ಲ.

ಶೇ 70ರದ್ದು ಯಾಕೆ ಬೇಡ ಎಂದರೆ, ಅದರಲ್ಲಿ ಮೂರನೇ ಒಂದರ ಹತ್ತಿರ ನೀರೇ ಇದೆ. ಚರ್ಮ ಒರೆಸಲು ಅದು ಸರಿ. ನೀರು ತೆಗೆಯಲು ಹೊರಟವರಿಗೆ ಉಪಯೋಗವಿಲ್ಲ. ಸ್ಯಾನಿಟೈಸರ್ ಅಂತೂ ಮುಟ್ಟಲೇಬಾರದು. ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ ಸ್ಯಾನಿಟೈಸರ್ ಸೂತ್ರದಲ್ಲಿ ಕೈ ಒಣಗದಿರಲೆಂದು ಶೇ 1.45ರಷ್ಟು ಗ್ಲಿಸರಾಲ್ ಸೇರಿಸಿರುತ್ತಾರೆ. ಅದು ಆರುವುದಿಲ್ಲ, ಸ್ವಿಚ್ಚಿನೊಳಗೆ ಅಂಟಾಗಿ ಉಳಿದು ಧೂಳು ಹಿಡಿಯುತ್ತದೆ. ಜೆಲ್ ಆಗಿದ್ದರೆ ಇನ್ನೂ ಕೆಟ್ಟದ್ದು. ಥಿನ್ನರ್ ಮತ್ತು ನೇಲ್ ಪಾಲಿಶ್ ತೆಗೆಯುವ ಅಸಿಟೋನ್ ಎರಡೂ ಕೀಬೋರ್ಡಿನ ಎಬಿಎಸ್ ಎಂಬ ಪ್ಲಾಸ್ಟಿಕ್ಕನ್ನೇ ಕರಗಿಸುತ್ತವೆ. ಕೀಕ್ಯಾಪ್‌ಗಳು (ಅಕ್ಷರವಿರುವ ಕೀಗಳ ಮುಚ್ಚಳಗಳು) ಮಂಕಾಗಿ ಮೆತ್ತಗಾಗುತ್ತವೆ.

ಬಿಡಿಯಾಗಿ ಸಿಗುವ ಬಾಟಲಿಗಳ ಮೇಲಿನ ಶೇಕಡಾವನ್ನು ಕಣ್ಣುಮುಚ್ಚಿ ನಂಬಬೇಕಿಲ್ಲ. ಗಾಜಿನ ಸಣ್ಣ ಶೀಶೆಯಲ್ಲಿ 50 ಮಿಲಿ ತೆಗೆದುಕೊಂಡು ಒಂದು ದೊಡ್ಡ ಚಮಚ ಅಡುಗೆ ಉಪ್ಪು ಹಾಕಿ, ಮುಚ್ಚಿ, ಚೆನ್ನಾಗಿ ಕುಲುಕಿ ಹತ್ತು ನಿಮಿಷ ಬಿಡಿ. ಶೇ 70ರ ಸರಕಾಗಿದ್ದರೆ ಉಪ್ಪು ನೀರನ್ನು ಎಳೆದುಕೊಂಡು ತಳದಲ್ಲಿ ಬೇರೆಯದೇ ಪದರವಾಗುತ್ತದೆ, ಎರಡು ದ್ರವಗಳ ನಡುವೆ ಗೆರೆ ಕಾಣುತ್ತದೆ. ಶೇ 99ರದ್ದಾದರೆ ಪದರ ಬರುವುದಿಲ್ಲ, ಉಪ್ಪು ಒಣ ಮರಳಿನ ಹಾಗೆ ತಳದಲ್ಲಿ ಓಡಾಡುತ್ತದೆ. ಇನ್ನೊಂದು ಪರೀಕ್ಷೆ ಕನ್ನಡಿಯದು: ಒರೆಸಿದ ಕನ್ನಡಿಯ ಮೇಲೆ ನಾಲ್ಕು ಹನಿ ಬಿಟ್ಟು ಆರಲು ಬಿಡಿ. ಕಲೆ, ಉಂಗುರ ಉಳಿದರೆ ಅದರಲ್ಲಿ ಬೇರೇನೋ ಬೆರೆತಿದೆ. ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಯಲ್ಲಿ ಎಲ್‌ಆರ್ ದರ್ಜೆ (ಸಾಮಾನ್ಯ ಪ್ರಯೋಗಗಳದ್ದು) ಎಂದು ಕೇಳಿದರೆ ಸಾಕು; ಅದಕ್ಕಿಂತ ದುಬಾರಿಯಾದ ಎಆರ್ ದರ್ಜೆ (ನಿಖರ ವಿಶ್ಲೇಷಣೆಯದ್ದು) ಕೀಬೋರ್ಡಿಗೆ ಬೇಕಿಲ್ಲ.

ಏನು ಬಿತ್ತು ಎನ್ನುವುದರ ಮೇಲೆ

ಬರೀ ಕುಡಿಯುವ ನೀರು ಬಿದ್ದಿದ್ದರೆ ಕೆಲಸ ಹಗುರ, ಬಸಿದು ಐಪಿಎ ಹಾಕಿ ಒಣಗಿಸಿದರೆ ಮುಗಿಯಿತು. ಬೋರ್‌ವೆಲ್ ನೀರಾದರೆ ಲೆಕ್ಕ ಬೇರೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಗಡಸು ನೀರು ಆರಿದ ಮೇಲೆ ಬಿಳಿ ಪುಡಿ ಬಿಡುತ್ತದೆ, ಆ ಪುಡಿ ತೇವ ಹೀರಿದಾಗಲೆಲ್ಲ ವಿದ್ಯುತ್ ಹರಿಯಲು ದಾರಿಯಾಗುತ್ತದೆ. ಹಾಗಾಗಿ ಡಿಸ್ಟಿಲ್ಡ್ ವಾಟರಿನಲ್ಲಿ ಒಮ್ಮೆ ಜಾಲಾಡಲೇಬೇಕು.

ಹಾಲು ಸಕ್ಕರೆ ಹಾಕಿದ ಕಾಫಿ, ಚಹಾದಲ್ಲಿ ಮೂರು ಬಗೆಯ ಕೊಳೆ ಒಟ್ಟಿಗೆ ಇರುತ್ತದೆ: ಸಕ್ಕರೆ, ಹಾಲಿನ ಕೊಬ್ಬು, ಹಾಲಿನ ಪ್ರೋಟೀನು. ಸಕ್ಕರೆ ನೀರಿಗೆ ಹೋಗುತ್ತದೆ, ಕೊಬ್ಬು ಐಪಿಎಗೆ ಹೋಗುತ್ತದೆ, ಒಣಗಿದ ಪ್ರೋಟೀನು ಎರಡಕ್ಕೂ ಜಗ್ಗದೆ ಎರಡು ಮೂರು ದಿನಗಳಲ್ಲಿ ಹುಳಿ ವಾಸನೆ ಹೊಡೆಯುತ್ತದೆ. ಅದು ಒಣಗುವ ಮುನ್ನವೇ, ಚೆಲ್ಲಿದ ದಿನವೇ ತೊಳೆಯುವುದೊಂದೇ ದಾರಿ. ಕೋಲಾದಲ್ಲಿ 100 ಮಿಲಿಗೆ 10 ಗ್ರಾಮಿಗೂ ಮಿಕ್ಕಿ ಸಕ್ಕರೆ, ಜೊತೆಗೆ ಫಾಸ್ಫೋರಿಕ್ ಆಮ್ಲ. ಅಂಟು ಮತ್ತು ತುಕ್ಕು ಎರಡನ್ನೂ ಒಂದೇ ಏಟಿಗೆ ತರುವ ಪಾನೀಯ ಅದು. ಮಜ್ಜಿಗೆ, ಸಾರು, ಎಳನೀರು ಇವುಗಳಲ್ಲಿ ಸಕ್ಕರೆ ಕಡಿಮೆಯೆಂದು ನಿರಾಳವಾಗುವಂತಿಲ್ಲ. ಉಪ್ಪು, ಹುಳಿ, ಪೊಟ್ಯಾಸಿಯಂ ಇರುವುದರಿಂದ ಇವು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತವೆ, ತಾಮ್ರವನ್ನು ಬೇಗ ತಿನ್ನುತ್ತವೆ.

ಮೊದಲ ಐದು ನಿಮಿಷ

ಒರೆಸುವ ಬಟ್ಟೆ ಹುಡುಕುವ ಮುನ್ನ ವಯರ್ ಕೀಳಿ. ವೈರ್‌ಲೆಸ್ ಆದರೆ ಸ್ವಿಚ್ ಆಫ್ ಮಾಡಿ ಸೆಲ್ ತೆಗೆಯಿರಿ. ಒದ್ದೆಯಾದದ್ದರಿಂದ ಆಗುವ ಹಾನಿಗಿಂತ ಒದ್ದೆಯಾಗಿರುವಾಗ ಕರೆಂಟ್ ಇರುವುದರಿಂದ ಆಗುವ ಹಾನಿ ಎಷ್ಟೋ ಹೆಚ್ಚು. ಯುಎಸ್‌ಬಿಯ 5 ವೋಲ್ಟು ಮನುಷ್ಯರಿಗೆ ಏನೂ ಮಾಡದು. ಉಪ್ಪು ನೀರಿನಲ್ಲಿ ಮುಳುಗಿದ ತಾಮ್ರದ ಗೆರೆಗೆ ಅಷ್ಟು ಸಾಕು. ಧನ ಬದಿಯ ತಾಮ್ರ ಕರಗಿ ಋಣ ಬದಿಗೆ ಹೊರಡುತ್ತದೆ, ಹಸಿರು ತುಕ್ಕು ಬೆಳೆಯುತ್ತದೆ, ಕೂದಲೆಳೆಯ ಗೆರೆ ಗಂಟೆಗಳೊಳಗೆ ತುಂಡಾಗಬಹುದು. ಕರೆಂಟಿಲ್ಲದೆ ಒದ್ದೆಯಾಗಿ ಇಡೀ ದಿನ ಬಿದ್ದಿದ್ದ ಕೀಬೋರ್ಡ್ ಉಳಿಯುತ್ತದೆ. "ಕೆಲಸ ಮಾಡ್ತಿದೆಯಲ್ಲ" ಎಂದು ಟೈಪ್ ಮಾಡುತ್ತಲೇ ಇದ್ದದ್ದು ಉಳಿಯುವುದು ಕಷ್ಟ.

ವಯರ್ ಕಿತ್ತ ಕೂಡಲೇ ಕೀಬೋರ್ಡನ್ನು ಬೋರಲು ಹಾಕಿ, ಒಂದು ಮೂಲೆ ಕೆಳಗಿರುವಂತೆ ಓರೆ ಹಿಡಿದು ಬಸಿಯಿರಿ. ಕುಲುಕಬೇಡಿ, ಇನ್ನೂ ಒಣಗಿರುವ ಜಾಗಗಳಿಗೂ ದ್ರವ ಹರಡುತ್ತದೆ. ತೊಳೆಯಲು ಪುರುಸೊತ್ತಿಲ್ಲದಿದ್ದರೆ ಒದ್ದೆ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಇಡಿ. ಒಣಗಿದ ಸಿಹಿಗಿಂತ ಹಸಿ ಸಿಹಿಯನ್ನು ತೆಗೆಯುವುದು ಸುಲಭ.

ಟಿವಿಎಸ್ ಗೋಲ್ಡ್ ಮೇಲೆ: ಪೂರ್ತಿ ತೊಳೆತ

ಕರ್ನಾಟಕದ ಡಿಟಿಪಿ ಕೇಂದ್ರಗಳಲ್ಲಿ, ಪತ್ರಿಕಾ ಕಚೇರಿಗಳಲ್ಲಿ ಟಿವಿಎಸ್ ಗೋಲ್ಡ್ ಕೀಬೋರ್ಡಿಗೆ ಹಳೆಯ ಮರ್ಯಾದೆಯಿದೆ. ಪ್ರತಿ ಕೀಗೂ ಚೆರಿ ಕಂಪನಿಯ ಬೇರೆ ಬೇರೆ ನೀಲಿ ಸ್ವಿಚ್ಚು, ಒತ್ತಿದಾಗಲೆಲ್ಲ ಟಕ್ ಎನ್ನುವ ಸದ್ದು. ಇಂಥ ಮೆಕ್ಯಾನಿಕಲ್ ಕೀಬೋರ್ಡಿನ ಮೇಲೆ ಐಪಿಎ ಖರ್ಚು ಮಾಡಿದರೆ ಅದಕ್ಕೆ ಅರ್ಥವಿದೆ, ಏಕೆಂದರೆ ಪ್ರತಿ ಸ್ವಿಚ್ಚನ್ನೂ ಬೇರೆಯಾಗಿ ತೊಳೆಯಬಹುದು, ತೀರಾ ಕೆಟ್ಟದ್ದನ್ನು ಬೆಸುಗೆ ಬಿಡಿಸಿ ಬದಲಿಸಬಹುದು.

ಮೊದಲು ಒಂದು ಫೋಟೋ ತೆಗೆದುಕೊಳ್ಳಿ, ಕೀಗಳ ಜಾಗ ಮರೆಯದಿರಲು. ತಂತಿಯ ಕೀ ಪುಲ್ಲರ್‌ನಿಂದ ಕೀಕ್ಯಾಪ್‌ಗಳನ್ನು ನೇರ ಮೇಲಕ್ಕೆ ಎತ್ತಿ ತೆಗೆಯಿರಿ. ಸ್ಕ್ರೂಡ್ರೈವರ್ ಹಾಕಿ ಒಂದು ಕಡೆಯಿಂದ ಮೀಟಿದರೆ ಸ್ವಿಚ್ಚಿನ ನಡುವಿನ ಕೂಡು ಚಿಹ್ನೆಯ (+) ಆಕಾರದ ಕಂಬ ಮುರಿಯುತ್ತದೆ. ಸ್ಪೇಸ್, ಎಂಟರ್, ಶಿಫ್ಟ್, ಬ್ಯಾಕ್‌ಸ್ಪೇಸ್ ಕೆಳಗೆ ಸಮತೋಲಕ್ಕೆಂದು ಉಕ್ಕಿನ ತಂತಿ ಇರುತ್ತದೆ. ಅವನ್ನು ಕಡೆಗೆ, ಎರಡೂ ತುದಿಗಳನ್ನು ಒಟ್ಟಿಗೆ ಎತ್ತಿ ತೆಗೆಯಿರಿ. ಕೀಕ್ಯಾಪ್‌ಗಳನ್ನು ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ ಹಾಕಿ ಅರ್ಧ ಗಂಟೆ ನೆನೆಸಿ ಉಜ್ಜಿದರೆ ಸಾಕು. ಅವಕ್ಕೆ ಐಪಿಎ ಹಾಕಬೇಡಿ. ಮೇಲೆ ಅಚ್ಚು ಹಾಕಿದ ಅಕ್ಷರಗಳು ಕೆಲವು ಕೀಬೋರ್ಡುಗಳಲ್ಲಿ ಅಳಿಸಿಹೋಗುತ್ತವೆ, ಕನ್ನಡ ಅಕ್ಷರದ ಸ್ಟಿಕ್ಕರ್ ಅಂಟಿಸಿದ್ದರೆ ಅದರ ಅಂಟು ಬಿಟ್ಟು ಇಡೀ ಸ್ಟಿಕ್ಕರು ಜಾರುತ್ತದೆ.

ಈಗ ಹಿಂಬದಿಯ ಸ್ಕ್ರೂ ಬಿಚ್ಚಿ, ಡಬ್ಬಿಯಿಂದ ಸರ್ಕ್ಯೂಟ್ ಬೋರ್ಡನ್ನು ಹೊರತೆಗೆಯಿರಿ. ಬಾತ್‌ರೂಮಿನ ಟ್ರೇ ಅಥವಾ ಅಗಲ ತಟ್ಟೆಯ ಮೇಲೆ ಓರೆಯಾಗಿ ನಿಲ್ಲಿಸಿ, ಒದ್ದೆಯಾದ ಭಾಗದ ಸ್ವಿಚ್ಚುಗಳ ಮೇಲೆ ಡಿಸ್ಟಿಲ್ಡ್ ವಾಟರ್ ಸುರಿಯಿರಿ. ಸುರಿಯುತ್ತಲೇ ಪ್ರತಿ ಸ್ವಿಚ್ಚನ್ನೂ ಇಪ್ಪತ್ತು ಮೂವತ್ತು ಬಾರಿ ಒತ್ತಿ ಬಿಡಬೇಕು. ಸ್ವಿಚ್ಚಿನೊಳಗಿನ ಸಕ್ಕರೆ ಕದಲುವುದು ಒತ್ತಿದಾಗಲೇ. ಮೇಲಿನಿಂದ ಸುರಿದ ನೀರು ತಾನಾಗಿ ಒಳಗೆ ಹೋಗಿ ಬರುವುದಿಲ್ಲ. ಒಂದು ಸುತ್ತಿಗೆ ಕಾಲು ಲೀಟರ್ ನೀರು ಹಿಡಿದು, ಕೆಳಗೆ ಬಸಿದ ನೀರು ಬಣ್ಣವಿಲ್ಲದೆ, ಬೆರಳಿಗೆ ಅಂಟದೆ ಬರುವವರೆಗೆ ಮೂರು ನಾಲ್ಕು ಸುತ್ತು ಮಾಡಿ. ಒಂದು ಲೀಟರ್ ಮುಗಿಯುತ್ತದೆ. ಇದರಲ್ಲಿ ಜಿಪುಣತನ ಬೇಡ.

ಡಿಸ್ಟಿಲ್ಡ್ ವಾಟರ್ ಇನ್ವರ್ಟರ್, ಬ್ಯಾಟರಿ ಅಂಗಡಿಗಳಲ್ಲಿ ಐದು ಲೀಟರ್ ಕ್ಯಾನಿನಲ್ಲಿ ಅಗ್ಗಕ್ಕೆ ಸಿಗುತ್ತದೆ. ಅದೇ ಅಂಗಡಿಯಲ್ಲಿ ಬ್ಯಾಟರಿ ಆಸಿಡ್ಡೂ ಇರುತ್ತದೆ, ಲೇಬಲ್ ಓದಿ ತನ್ನಿ. ಆರ್‌ಒ ನೀರಿನಲ್ಲಿ ಒಂದಿಷ್ಟು ಲವಣ ಉಳಿದಿರುತ್ತದೆ. ಬೇರೆ ಏನೂ ಇಲ್ಲದ ಹೊತ್ತಿನಲ್ಲಿ ಮೊದಲ ಎರಡು ಸುತ್ತಿಗೆ ಬಳಸಬಹುದು, ಕಡೆಯ ಸುತ್ತಿಗೆ ಡಿಸ್ಟಿಲ್ಡ್ ಇರಲೇಬೇಕು.

ಇಲ್ಲಿಂದ ಐಪಿಎಯ ಸರದಿ. ಮೆಡಿಕಲ್ ಅಂಗಡಿಯಿಂದ 5 ಮಿಲಿಯ ಸಿರಿಂಜ್ ತಂದು ಸೂಜಿ ತೆಗೆದುಹಾಕಿ. ಬೋರ್ಡಿನಿಂದ ನೀರನ್ನು ಪೂರ್ತಿ ಬಸಿದ ಮೇಲೆ, ಸ್ವಿಚ್ಚಿನ ಕಂಬವನ್ನು ಒತ್ತಿ ಹಿಡಿದು ಪಕ್ಕದ ಸಂದಿನಲ್ಲಿ 1 ಮಿಲಿ ಬಿಡಿ, ಮೂವತ್ತು ಬಾರಿ ಒತ್ತಿ. ಕೂಡಲೇ ಬೋರ್ಡನ್ನು ಬೋರಲು ಮಾಡಿ ಬಸಿಯಿರಿ. ಮತ್ತೆ 1 ಮಿಲಿ. ಮೊದಲ ಸಲದ ಐಪಿಎ ನೀರಿನೊಂದಿಗೆ ಬೆರೆತು ತೆಳುವಾಗಿರುತ್ತದೆ, ಎರಡನೆಯ ಸಲದ್ದೇ ನಿಜವಾಗಿ ಒಣಗಿಸುವುದು. 104 ಕೀಗಳಿಗೂ ಹಾಕಿದರೆ 200 ಮಿಲಿಗಿಂತ ಸ್ವಲ್ಪ ಹೆಚ್ಚು ಬೇಕು. ಹಾಗಾಗಿ 100 ಮಿಲಿಯ ಸಣ್ಣ ಬಾಟಲಿ ಸಾಲದು, 500 ಮಿಲಿಯದ್ದೇ ತನ್ನಿ. ಬಿಡಿಭಾಗಗಳ ಸುತ್ತ ಕೊಳೆ, ಹಸಿರು ಕಂಡರೆ ಹಳೆಯ ಮೆತ್ತನೆಯ ಟೂತ್‌ಬ್ರಶ್ಶನ್ನು ಐಪಿಎಯಲ್ಲಿ ಅದ್ದಿ ಉಜ್ಜಿ.

ಇದರ ಒಂದು ಕೊರತೆ ಇಲ್ಲಿ ಎದ್ದು ಕಾಣುತ್ತದೆ. ಸ್ವಿಚ್ಚಿನೊಳಗೆ ಕಾರ್ಖಾನೆಯಲ್ಲಿ ಸವರಿದ ಜಾರುಗ್ರೀಸನ್ನೂ ಐಪಿಎ ತೊಳೆದುಬಿಡುತ್ತದೆ. ತೊಳೆದ ಕೀಗಳು ಮೊದಲಿಗಿಂತ ಒರಟಾಗಿ, ಗೀರುವಂತೆ ಅನಿಸುವುದು ಇದರಿಂದಲೇ. ಟೈಪಿಂಗಿಗೆ ಅಡ್ಡಿಯಿಲ್ಲ, ಕೈಗೆ ಮಾತ್ರ ಗೊತ್ತಾಗುತ್ತದೆ. ಬಣ್ಣದ ದೀಪಗಳ ಗೇಮಿಂಗ್ ಕೀಬೋರ್ಡುಗಳಲ್ಲಿ ಸ್ವಿಚ್ಚಿನ ಮೇಲ್ಮೈ ಪಾರದರ್ಶಕ ಪಾಲಿಕಾರ್ಬೊನೇಟಿನದ್ದಾಗಿರುತ್ತದೆ. ಅದನ್ನು ಐಪಿಎಯಲ್ಲಿ ಗಂಟೆಗಟ್ಟಲೆ ನೆನೆಸಿಟ್ಟರೆ ಕೂದಲಿನಂಥ ಬಿರುಕುಗಳು ಬರಬಹುದು. ಹಾಕಿ, ಬಸಿದು, ಮುಗಿಸಬೇಕು.

ಒಣಗಲು ಫ್ಯಾನಿನ ಗಾಳಿಯಲ್ಲಿ, ಸ್ವಿಚ್ಚುಗಳು ಕೆಳಮುಖವಾಗಿ, ಒಂದು ದಿನ. ಮಂಗಳೂರು, ಕಾರವಾರ, ಆಗುಂಬೆಯ ಜುಲೈ ಆಗಿದ್ದರೆ ಮೂರು ದಿನ ಬಿಡಿ. ಗಾಳಿಯೇ ನೀರಿನಿಂದ ತುಂಬಿರುವಾಗ ಅದು ಇನ್ನಷ್ಟು ನೀರನ್ನು ಹೀರುವುದು ನಿಧಾನ. ಡ್ರೈ ಮೋಡ್‌ನಲ್ಲಿ ಓಡುವ ಎಸಿ ಕೋಣೆ ಇದ್ದರೆ ಅಲ್ಲಿ ಇಡಿ, ಆದರೆ ಐಪಿಎ ವಾಸನೆ ಪೂರ್ತಿ ಹೋದ ಮೇಲೆ.

ಮೆಂಬ್ರೇನ್ ಕೀಬೋರ್ಡ್: ಇಲ್ಲಿ ಐಪಿಎ ಕೈ ಹಿಡಿಯುವುದು ಕಡಿಮೆ

ಬ್ಯಾಂಕು, ಸೈಬರ್ ಸೆಂಟರ್, ಮನೆಗಳಲ್ಲಿ ಕಾಣುವ ಐನೂರು ಆರುನೂರು ರೂಪಾಯಿಯ ಕೀಬೋರ್ಡುಗಳಲ್ಲಿ ಬಹುಪಾಲು ಮೆಂಬ್ರೇನಿನವು. ಒಳಗೆ ಪಾಲಿಯೆಸ್ಟರಿನ ಮೂರು ತೆಳು ಹಾಳೆಗಳು ಒಂದರ ಮೇಲೊಂದು. ಮೇಲಿನ ಮತ್ತು ಕೆಳಗಿನ ಹಾಳೆಯ ಮೇಲೆ ಬೆಳ್ಳಿ ಅಥವಾ ಇಂಗಾಲದ ಶಾಯಿಯ ಗೆರೆಗಳು, ನಡುವಿನದರಲ್ಲಿ ಬರೀ ತೂತುಗಳು. ಕೀ ಒತ್ತಿದಾಗ ರಬ್ಬರ್ ಗುಬುಟು ತಗ್ಗಿ, ತೂತಿನ ಮೂಲಕ ಎರಡು ಹಾಳೆಗಳು ತಾಗುತ್ತವೆ. ಚೆಲ್ಲಿದ ದ್ರವ ಈ ಹಾಳೆಗಳ ನಡುವೆ ಒಮ್ಮೆ ಸೇರಿದರೆ ತಾನಾಗಿ ಹೊರಬರುವುದಿಲ್ಲ. ಮೇಲಿನಿಂದ ಐಪಿಎ ಸುರಿದರೆ ಕೊಳೆ ಇನ್ನಷ್ಟು ಅಗಲಕ್ಕೆ ಹರಡುತ್ತದೆ ಅಷ್ಟೆ.

ಲಾಜಿಟೆಕ್ ಕೆ120ಯಂಥ ಕೆಲವಕ್ಕೆ ತಳದಲ್ಲಿ ದ್ರವ ಹರಿದುಹೋಗಲು ದಾರಿಯಿದೆ. ಅದನ್ನು ಪರೀಕ್ಷಿಸಿರುವುದು ಗರಿಷ್ಠ 60 ಮಿಲಿ ದ್ರವಕ್ಕೆ ಎಂದು ಕಂಪನಿಯೇ ಹೇಳುತ್ತದೆ, ಮುಳುಗಿಸಬೇಡಿ ಎಂದೂ ಎಚ್ಚರಿಸುತ್ತದೆ. 60 ಮಿಲಿ ಎಂದರೆ ಫಿಲ್ಟರ್ ಕಾಫಿಯ ಲೋಟದಲ್ಲಿ ಅರ್ಧ. ನೀರಿನ ಬಾಟಲಿ ಮಗುಚಿದರೆ ಆ ಭರವಸೆ ಅಲ್ಲಿಗೆ ಮುಗಿಯುತ್ತದೆ.

ಬಿಚ್ಚಲೇಬೇಕು. ಹಿಂದೆ ಹತ್ತಾರು ಸ್ಕ್ರೂ, ಕೆಲವು ಮಾದರಿಗಳಲ್ಲಿ ಲೇಬಲ್ಲಿನ ಅಡಿಯಲ್ಲೂ ಒಂದು. ಬೆರಳಿನಿಂದ ಒತ್ತಿ ನೋಡಿದರೆ ತಗ್ಗು ಸಿಗುತ್ತದೆ. ಬಿಚ್ಚುವಾಗ ಕೀಗಳು ಕೆಳಮುಖವಾಗಿರಲಿ. ರಬ್ಬರ್ ಗುಬುಟುಗಳು ಒಂದೇ ಹಾಳೆಯಾಗಿದ್ದರೆ ಅದೃಷ್ಟ. ಬಿಡಿ ಬಿಡಿಯಾಗಿದ್ದರೆ ಮೇಲೆತ್ತಿದ ಕೂಡಲೇ ನೆಲದ ತುಂಬ ಉರುಳುತ್ತವೆ. ಹಾಳೆಗಳನ್ನು ತೆಗೆದು ಡಿಸ್ಟಿಲ್ಡ್ ವಾಟರಿನಲ್ಲಿ ಅದ್ದಿ ತೊಳೆದು, ಬೆಳಕಿಗೆ ಹಿಡಿದು ನೋಡಿ. ಉಳಿದ ಕಲೆಗೆ ಮಾತ್ರ ಕನ್ನಡಕ ಒರೆಸುವ ಬಟ್ಟೆಗೆ ಐಪಿಎ ಸೋಕಿಸಿ, ಗೆರೆಯ ಉದ್ದಕ್ಕೆ ಒಮ್ಮೆ ಹಗುರವಾಗಿ ಎಳೆಯಿರಿ. ತಿಕ್ಕಬಾರದು. ಶಾಯಿಯ ಗೆರೆ ತಿಕ್ಕಾಟಕ್ಕೆ ಎದ್ದುಬರುತ್ತದೆ, ಬಟ್ಟೆಯ ಮೇಲೆ ಬೂದು ಬಣ್ಣ ಕಂಡರೆ ಅಲ್ಲಿಗೇ ನಿಲ್ಲಿಸಿ. ಅಂಚಿನಲ್ಲಿ ಮೂರೂ ಹಾಳೆಗಳನ್ನು ಬೆಸೆದಿರುವ ಕೀಬೋರ್ಡುಗಳನ್ನು ಬಿಡಿಸಲು ಹೋಗಬೇಡಿ. ಅಂಚಿನ ಬಾಯಿಯಿಂದ ಮೊದಲು ನೀರು, ಆಮೇಲೆ ಐಪಿಎ ಬಿಟ್ಟು, ಬಟ್ಟೆ ಒಣಹಾಕುವ ದಾರಕ್ಕೆ ಕ್ಲಿಪ್ ಹಾಕಿ ಎರಡು ಮೂರು ದಿನ ತೂಗುಬಿಡಿ.

ಗೆರೆ ತುಂಡಾಗಿದ್ದರೆ ಮಲ್ಟಿಮೀಟರ್ ಹಿಡಿದು ಹುಡುಕಬಹುದು. ಬೀಪ್ ಸದ್ದನ್ನು ನೆಚ್ಚಬೇಡಿ. ಈ ಶಾಯಿಯ ಗೆರೆಗಳಿಗೆ ಚೆನ್ನಾಗಿರುವಾಗಲೂ ಹತ್ತಾರು ಓಮ್ ಅಡ್ಡಿ ಇರುವುದರಿಂದ ಮೀಟರ್ ಬೀಪ್ ಮಾಡದೇ ಇರಬಹುದು. ಓಮ್‌ನಲ್ಲಿ ಇಟ್ಟು ಪಕ್ಕದ ಗೆರೆಯೊಂದಿಗೆ ಹೋಲಿಸಿ ನೋಡಿ. ತುಂಡಾದಲ್ಲಿ ಬೆಸುಗೆ ಹಾಕಿದರೆ ಹಾಳೆಯೇ ಸುಟ್ಟು ಮುದುಡುತ್ತದೆ. ಬೆಳ್ಳಿಯ ಕಂಡಕ್ಟಿವ್ ಪೇಂಟನ್ನು ಟೂತ್‌ಪಿಕ್ಕಿನ ತುದಿಯಲ್ಲಿ ಹಚ್ಚಬೇಕು. ಆದರೆ ಆ ಪೇಂಟಿನ ಸಣ್ಣ ಶೀಶೆಯ ಬೆಲೆಗೆ ಹೊಸ ಕೀಬೋರ್ಡ್ ಬರುವುದಾದರೆ ಕೀಬೋರ್ಡನ್ನೇ ಕೊಳ್ಳಿ. ಮೆಂಬ್ರೇನಿಗಾಗಿಯೇ ಐಪಿಎ ಬಾಟಲಿ ಕೊಳ್ಳಿ ಎಂದು ನಾವು ಹೇಳುವುದಿಲ್ಲ.

ತೊಳೆದ ಮೇಲೆ ಓದಬೇಕಾದ ಲಕ್ಷಣಗಳು

ವಿಂಡೋಸಿನಲ್ಲಿ ವಿಂಡೋಸ್, ಕಂಟ್ರೋಲ್ ಮತ್ತು ಓ ಕೀಗಳನ್ನು ಒಟ್ಟಿಗೆ ಒತ್ತಿದರೆ ತೆರೆಯ ಮೇಲೆ ಕೀಬೋರ್ಡ್ ತೆರೆಯುತ್ತದೆ. ನಿಮ್ಮ ಒಂದೊಂದೇ ಕೀ ಒತ್ತುತ್ತ ಅಲ್ಲಿ ಅದು ಬೆಳಗುತ್ತದೆಯೇ ನೋಡಿ.

ನೂರಕ್ಕೂ ಹೆಚ್ಚು ಕೀಗಳಿಗೆ ನೂರು ಬೇರೆ ತಂತಿಗಳಿರುವುದಿಲ್ಲ. ಅಡ್ಡಸಾಲು, ಕಂಬಸಾಲುಗಳ ಜಾಲವೊಂದು ಎಲ್ಲವನ್ನೂ ನಡೆಸುತ್ತದೆ. ಅದಕ್ಕೇ ಆರೇಳು ಕೀಗಳು ಒಟ್ಟಿಗೆ ಸತ್ತಿದ್ದರೆ ಕೀಗಳನ್ನು ಮತ್ತೆ ತೊಳೆದು ಪ್ರಯೋಜನವಿಲ್ಲ, ಒಂದು ಗೆರೆ ತುಂಡಾಗಿದೆ. ಒಂದು ಕೀ ಒತ್ತಿದರೆ ಎರಡು ಬೇರೆ ಅಕ್ಷರ ಮೂಡಿದರೆ ಎರಡು ಗೆರೆಗಳ ನಡುವೆ ಇನ್ನೂ ತೇವವಿದೆ ಅಥವಾ ಉಪ್ಪು ಕೂತಿದೆ. ಮತ್ತೊಮ್ಮೆ ನೀರು, ಐಪಿಎ. ಒಂದೇ ಅಕ್ಷರ ಎರಡೆರಡು ಸಲ ಬಿದ್ದರೆ ಆ ಸ್ವಿಚ್ಚಿನ ತಗಡಿನ ಮೇಲೆ ಕೊಳೆ ಉಳಿದಿದೆ. ಅದೊಂದಕ್ಕೇ ಐಪಿಎ ಬಿಟ್ಟು ಐವತ್ತು ಬಾರಿ ಒತ್ತಿ. ನೀಲಿ ಸ್ವಿಚ್ಚು ಕೆಲಸ ಮಾಡುತ್ತಿದ್ದೂ ಟಕ್ ಸದ್ದು ಹೋಗಿದ್ದರೆ, ಸದ್ದು ಮಾಡುವ ಒಳಗಿನ ಬಿಳಿ ಉಂಗುರ ಕಂಬಕ್ಕೆ ಅಂಟಿಕೊಂಡಿದೆ ಎಂದರ್ಥ. ಅಲ್ಲಿರುವುದು ಸಕ್ಕರೆ, ಐಪಿಎ ಹಿಡಿದು ಕೂರಬೇಡಿ, ಬೆಚ್ಚಗಿನ ಡಿಸ್ಟಿಲ್ಡ್ ವಾಟರಿಗೆ ಹಿಂದಿರುಗಿ.

ಕನ್ನಡ ಟೈಪ್ ಮಾಡುವವರು ಇಂಗ್ಲಿಷ್ ಪರೀಕ್ಷೆಗಷ್ಟೇ ನಿಲ್ಲಬಾರದು. ನುಡಿ ತಂತ್ರಾಂಶದಲ್ಲಿ ಬಳಸುವ ಕೆ.ಪಿ. ರಾವ್ ಕೀಲಿ ವಿನ್ಯಾಸದಲ್ಲಿ ಅರ್ಧಾಕ್ಷರ ಮಾಡುವುದು ಎಫ್ ಕೀ. ಅದು ಐದಕ್ಕೆ ಒಂದು ಸಲ ತಪ್ಪಿದರೂ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗುತ್ತವೆ. ಇನ್‌ಸ್ಕ್ರಿಪ್ಟ್ ವಿನ್ಯಾಸ ಬಳಸುವವರಿಗೆ ಅದು ಡಿ ಕೀ. ಕೆ.ಪಿ. ರಾವ್ ವಿನ್ಯಾಸದಲ್ಲಿ ಮಹಾಪ್ರಾಣಗಳು, ಣ, ಳ, ಶ, ದೀರ್ಘ ಸ್ವರಗಳು ಶಿಫ್ಟ್ ಹಿಡಿದರಷ್ಟೇ ಬರುತ್ತವೆ. ಎಡ ಬಲ ಎರಡು ಶಿಫ್ಟ್ ಇರುವುದರಿಂದ ಒಂದು ಕೆಟ್ಟದ್ದು ತಕ್ಷಣ ತಿಳಿಯುವುದಿಲ್ಲ. ಎಡ ಶಿಫ್ಟ್ ಹಿಡಿದು ಒಂದು ಪ್ಯಾರಾ, ಬಲ ಶಿಫ್ಟ್ ಹಿಡಿದು ಒಂದು ಪ್ಯಾರಾ ಹೊಡೆದು ನೋಡಿದ ಮೇಲೆಯೇ ಡಬ್ಬಿಯ ಸ್ಕ್ರೂ ಬಿಗಿಯಿರಿ.

ಲ್ಯಾಪ್‌ಟಾಪ್ ಆದರೆ

ಇಲ್ಲಿ ಮನೆಮದ್ದಿನ ಮಿತಿ ಬೇಗ ಮುಟ್ಟುತ್ತದೆ. ಚಾರ್ಜರ್ ಕೀಳಿ, ಪವರ್ ಬಟನ್ನನ್ನು ಹತ್ತು ಹದಿನೈದು ಸೆಕೆಂಡ್ ಒತ್ತಿ ಹಿಡಿದು ಆರಿಸಿ, ಕೀಬೋರ್ಡ್ ಬದಿ ಟವೆಲ್ಲಿನ ಕಡೆಗಿರುವಂತೆ ಗುಡಾರದ ಹಾಗೆ ಮಗುಚಿ ನಿಲ್ಲಿಸಿ. ಮೇಲಿನಿಂದ ಕೀಗಳ ಸಂದಿಗೆ ಐಪಿಎ ಸುರಿಯುವುದು ದೊಡ್ಡ ತಪ್ಪು. ಕೀಬೋರ್ಡಿನಲ್ಲೇ ತಡೆದು ನಿಂತಿದ್ದ ಕಾಫಿಯನ್ನು ಅದು ಮದರ್‌ಬೋರ್ಡಿಗೆ ಇಳಿಸುತ್ತದೆ. ಥಿಂಕ್‌ಪ್ಯಾಡಿನ ಹಲವು ಮಾದರಿಗಳಲ್ಲಿ ಕೀಬೋರ್ಡಿನಿಂದ ತಳಕ್ಕೆ ದ್ರವ ಹರಿಯುವ ತೂತುಗಳಿವೆ, ಅವು ಸಮಯ ಗಳಿಸಿಕೊಡುತ್ತವೆ. ಬಹುತೇಕ ಬೇರೆ ಲ್ಯಾಪ್‌ಟಾಪುಗಳಲ್ಲಿ ಆ ಅನುಕೂಲವಿಲ್ಲ.

ತಳದ ಮುಚ್ಚಳ ಬಿಚ್ಚಲು ಬರುವವರು ಮೊದಲು ಬ್ಯಾಟರಿಯ ಕನೆಕ್ಟರ್ ಕೀಳಬೇಕು. ಬರದವರು ರಿಪೇರಿಯವರ ಬಳಿ ಒಯ್ದು ಒಂದೇ ಪ್ರಶ್ನೆ ಕೇಳಿ: "ಮದರ್‌ಬೋರ್ಡ್ ಹೊರಗೆ ತೆಗೆದು, ಶೀಲ್ಡುಗಳ (ಲೋಹದ ಮುಚ್ಚಳಗಳ) ಅಡಿಯಲ್ಲೂ ತೊಳೀತೀರಾ?" ಆನ್ ಮಾಡಿ ನೋಡೋಣ ಎಂದು ಮೊದಲೇ ಪವರ್ ಕೊಡುವವರ ಕೈಗೆ ಕೊಡಬೇಡಿ. ಸಾಮಾನ್ಯ ವಾರಂಟಿಯಲ್ಲಿ ದ್ರವದ ಹಾನಿ ಸೇರುವುದಿಲ್ಲ. ಆಕಸ್ಮಿಕ ಹಾನಿಯ ರಕ್ಷಣೆ ಬೇರೆಯಾಗಿ ಕೊಂಡಿದ್ದರೆ ಬಿಚ್ಚುವ ಮುನ್ನ ಕಂಪನಿಗೆ ಫೋನ್ ಮಾಡಿ.

ಇದರ ಬದಲು ಜನ ಬಳಸುವವು

ಅಕ್ಕಿ ಡಬ್ಬಿಯಲ್ಲಿ ಹುಗಿಯುವುದರಿಂದ ಕೀಬೋರ್ಡ್ ಒಣಗುವುದಿಲ್ಲ. ಅಕ್ಕಿ ತಾನು ಮುಟ್ಟಿದ ತೇವವನ್ನಷ್ಟೇ ಹೀರುತ್ತದೆ, ಸಕ್ಕರೆಯನ್ನು ತೆಗೆಯುವುದಂತೂ ಇಲ್ಲ, ಮೇಲಿಂದ ಹಿಟ್ಟಿನ ಧೂಳು ಒಳಗೆ ಸೇರುತ್ತದೆ. ಒದ್ದೆಯಾದ ಐಫೋನನ್ನು ಅಕ್ಕಿಯಲ್ಲಿ ಇಡಬೇಡಿ ಎಂದು ಆಪಲ್ ಕಂಪನಿಯೇ 2024ರಲ್ಲಿ ಹೇಳಿದೆ. ತೆರೆದ ಗಾಳಿಯಲ್ಲಿ ಫ್ಯಾನ್ ಹಾಕಿದರೆ ಅದಕ್ಕಿಂತ ಬೇಗ ಒಣಗುತ್ತದೆ.

ಹೇರ್ ಡ್ರೈಯರಿನ ಬಿಸಿಗಾಳಿ ಮೆಂಬ್ರೇನ್ ಹಾಳೆಗಳನ್ನು ಸೊಟ್ಟ ಮಾಡುತ್ತದೆ, ದ್ರವವನ್ನು ಇನ್ನೂ ಒಳಕ್ಕೆ ತಳ್ಳುತ್ತದೆ, ಸಕ್ಕರೆಯನ್ನು ಪಾಕದಂತೆ ಗಟ್ಟಿಗೊಳಿಸುತ್ತದೆ. ಡಬ್ಲ್ಯುಡಿ-40ಯ ಸಾಮಾನ್ಯ ಡಬ್ಬಿ ತಿರುಪು ಸಡಿಲಿಸಲು ಚೆನ್ನ. ಕೀಬೋರ್ಡಿನೊಳಗೆ ಎಣ್ಣೆಯ ಪೊರೆ ಬಿಟ್ಟು ಧೂಳು ಹಿಡಿಯುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಎಂದು ಬೇರೆಯೇ ಡಬ್ಬಿ ಬರುತ್ತದೆ, ಪ್ಲಾಸ್ಟಿಕ್ಕಿಗೆ ಸುರಕ್ಷಿತ ಎಂದು ಬರೆದಿದ್ದರೆ ಅದು ಐಪಿಎಯಷ್ಟೇ ಒಳ್ಳೆಯದು, ಮಿಲಿ ಲೆಕ್ಕದಲ್ಲಿ ತುಟ್ಟಿ. ಅದರಲ್ಲೂ ಸಕ್ಕರೆ ಕರಗುವುದಿಲ್ಲ.

ಬೆಂಕಿಯ ಮಾತು

ಐಪಿಎಯ ಆವಿ 12 ಡಿಗ್ರಿ ಸೆಲ್ಸಿಯಸ್ಸಿನಷ್ಟು ತಂಪಿನಲ್ಲೂ ಕಿಡಿ ಸೋಕಿದರೆ ಹೊತ್ತಿಕೊಳ್ಳುತ್ತದೆ. ನಮ್ಮ ಊರುಗಳ ಯಾವ ಮಧ್ಯಾಹ್ನವೂ ಅದಕ್ಕಿಂತ ಬಿಸಿಯೇ. ಅಡುಗೆಮನೆಯಲ್ಲಿ, ದೇವರ ದೀಪದ ಹತ್ತಿರ, ಊದಿನಕಡ್ಡಿ ಹಚ್ಚಿದ ಕೋಣೆಯಲ್ಲಿ ಈ ಕೆಲಸ ಮಾಡಬೇಡಿ. ಐಪಿಎ ಹಾಕಿದ ಮೇಲೆ ಹೇರ್ ಡ್ರೈಯರ್ ಬಳಸುವುದು ಎಲ್ಲಕ್ಕಿಂತ ಅಪಾಯ, ಅದರೊಳಗಿನ ಕೆಂಪಗೆ ಕಾದ ತಂತಿಯ ಮೂಲಕವೇ ಆವಿ ಹಾಯುತ್ತದೆ. ಕಿಟಕಿ ತೆರೆದಿರಲಿ, ಕೈಗೆ ನೈಟ್ರೈಲ್ ಗವಸು ಇರಲಿ. ವಾಸನೆಯಿರುವ ತನಕ ಕೀಬೋರ್ಡಿಗೆ ಕರೆಂಟ್ ಕೊಡಬೇಡಿ. ನೀರಿನ ಬಾಟಲಿಗೆ ಸುರಿದಿಡುವ ಅಭ್ಯಾಸ ಮನೆಗಳಲ್ಲಿ ಮಕ್ಕಳಿಗೆ ಮಾರಕವಾಗಬಹುದು. ಬಂದ ಬಾಟಲಿಯಲ್ಲೇ, ಲೇಬಲ್ ಕಾಣುವಂತೆ ಇಡಿ. ಮುಚ್ಚಳ ಬಿಗಿಯಾಗಿರಲಿ, ಇಲ್ಲದಿದ್ದರೆ ಗಾಳಿಯ ತೇವ ಹೀರಿ ಶೇ 99 ಎಂದು ಕೊಂಡದ್ದು ಕ್ರಮೇಣ ಇಳಿಯುತ್ತದೆ.

ಕೊಳ್ಳಬೇಕೇ

500 ಮಿಲಿಗೆ ಕೆಲವು ನೂರು ರೂಪಾಯಿ. ಬೆಂಗಳೂರಿನ ಎಸ್‌ಪಿ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ, ಬೇರೆ ಊರುಗಳಲ್ಲಿ ಮೊಬೈಲ್ ರಿಪೇರಿ ಸಾಮಾನು ಮಾರುವವರಲ್ಲಿ, ಆನ್‌ಲೈನಿನಲ್ಲಿ ಸಿಗುತ್ತದೆ. ಎರಡು ಮೂರು ಸಾವಿರದ ಮೆಕ್ಯಾನಿಕಲ್ ಕೀಬೋರ್ಡ್ ಇರುವವರು, ಒಂದಕ್ಕಿಂತ ಹೆಚ್ಚು ಕಂಪ್ಯೂಟರ್ ಇಟ್ಟಿರುವ ಡಿಟಿಪಿಯವರು ಚೆಲ್ಲುವ ಮುನ್ನವೇ ಒಂದು ಬಾಟಲಿ, ಐದು ಲೀಟರ್ ಡಿಸ್ಟಿಲ್ಡ್ ವಾಟರ್, ನಾಲ್ಕು ಸಿರಿಂಜ್, ಒಂದು ಕೀ ಪುಲ್ಲರ್ ತಂದಿಟ್ಟುಕೊಳ್ಳುವುದು ಸರಿ. ಚೆಲ್ಲಿದ ಮೇಲೆ ಆರ್ಡರ್ ಹಾಕಿ ಕಾಯುವ ಎರಡು ಮೂರು ದಿನಗಳಲ್ಲೇ ತಾಮ್ರದ ಗೆರೆಗಳು ಹಾಳಾಗಿರಬಹುದು.

ತೊಳೆದು ಜೋಡಿಸಿದ ಕೀಬೋರ್ಡ್ ಎರಡು ವಾರ ಸರಿಯಾಗಿ ನಡೆದು ಆಮೇಲೆ ಕೀಗಳು ಒಂದೊಂದಾಗಿ ಕೈಕೊಡಲು ಶುರುಮಾಡುವುದುಂಟು. ಚಿಪ್‌ನ ಅಡಿಯಲ್ಲೋ ವಯರ್ ಸೇರುವ ಕನೆಕ್ಟರಿನಲ್ಲೋ ಉಳಿದ ಕೊಳೆ ನಿಧಾನವಾಗಿ ತುಕ್ಕು ಹಿಡಿಸಿದ್ದರ ಗುರುತು ಅದು. ಹದಿನೈದನೇ ದಿನಕ್ಕೆ ಒಮ್ಮೆ ಹಿಂಬದಿ ಬಿಚ್ಚಿ, ಆ ಎರಡು ಜಾಗಗಳನ್ನು ಟಾರ್ಚ್ ಹಿಡಿದು ನೋಡಿ. ಹಸಿರು ಕಂಡರೆ ಕನೆಕ್ಟರ್ ಬಿಚ್ಚಿ ಐಪಿಎ ಹಾಕಿ ಬ್ರಶ್ಶಿನಲ್ಲಿ ಉಜ್ಜಿ, ಒಣಗಿಸಿ, ಮತ್ತೆ ಜೋಡಿಸಿ.